ಮಣಿಕಟ್ಟಿನ ಮೇಲೊಂದು ದನಿ

ಸಿಂದಗಿಯಲ್ಲಿ ತನ್ನ ಮನೆಯ ಬೀಜದ ಅಂಗಡಿಯಲ್ಲಿ ಕೂತ ವಿದ್ಯಾವತಿ ಗಿರಾಕಿಗಳ ತುಟಿ ನೋಡಿಯೇ ವ್ಯಾಪಾರ ಮಾಡುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ಕಸಿದುಕೊಂಡಿತ್ತು. ಆಪರೇಷನ್ ಮಾಡಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿದ ಮೇಲೆ ಸದ್ದು ತಿರುಗಿ ಬಂತು. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಎಲ್ಲವೂ ಕಲಸಿಹೋಗುತ್ತಿತ್ತು.

ಬಸವನ ಬಾಗೇವಾಡಿಯ ಶ್ರವಣ ಕೇಂದ್ರದಲ್ಲಿ ಅಲ್ಲಿನ ತಜ್ಞ ಅನೀಲಕುಮಾರ ಅವಳ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದ. ಮಾತಿನ ಏರಿಳಿತವನ್ನು ಚರ್ಮದ ಮೇಲೆ ಕಂಪನವಾಗಿಸಿ ಕಿವಿಗೆ ನೆರವಾಗುವ ಯಂತ್ರವದು. ಇನ್ನೂ ಪ್ರಯೋಗದಲ್ಲಿತ್ತು. ಫ್ಯಾನು, ರೇಡಿಯೋ ಎರಡನ್ನೂ ಹಚ್ಚಿ, ಅವಳ ಬೆನ್ನ ಹಿಂದೆ ನಿಂತು ಕೇಳಿದ:

"ಊಟ ಆತೇನ್ರಿ?"

"ಇನ್ನೂ ಇಲ್ರಿ," ಎಂದವಳು ತನಗೆ ತಾನೇ ಬೆರಗಾಗಿ ತಿರುಗಿದಳು. ಅವನ ಕಣ್ಣಂಚಿನಲ್ಲಿ ನಗುವಿತ್ತು. ಆ ನಗುವನ್ನು ಅವಳು ಬಸ್ಸಿನಲ್ಲಿ ಊರತನಕ ತಂದಳು.

ತಪಾಸಣೆಯ ನೆಪದ ಭೇಟಿಗಳು ಬರಬರುತ್ತ ನೆಪ ಬೇಡದ ಭೇಟಿಗಳಾದವು. ನಿಡಗುಂದಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಅವಳು ಮೆಲ್ಲಗೆ ಕೇಳಿದಳು:

"ಇಷ್ಟು ಗದ್ದಲದಾಗೂ ನಿನ್ನ ಮಾತೊಂದ ತಿಳೀತೈತಿ. ಯಾಕ?"

ಅವನು ಚಹಾದ ಕಪ್ಪನ್ನೇ ನೋಡುತ್ತ, "ಮನಸ್ಸಿನಾಗ ಇದ್ದವರ ದನಿ ಹಂಗ," ಎಂದ. ಅವಳ ಕೆನ್ನೆ ಕೆಂಪಾಯಿತು.

ಅವ್ವ ಸಿದ್ದಲಿಂಗವ್ವನ ಮಾತು ಮಾತ್ರ ಎಂದಿನಂತೆ ಮಸುಕಾಗಿಯೇ ಉಳಿಯಿತು. ವಯಸ್ಸಾದವರ ದನಿ ಸಣ್ಣದು ಎಂದು ಅನೀಲ ಸಮಾಧಾನ ಹೇಳಿದ್ದ. ಅವಳು ನಂಬಿದಳು. ಅವ್ವನ ಜೊತೆ ಕೂತು ಮಾತಾಡುವುದನ್ನೇ ಮೆಲ್ಲಗೆ ಬಿಟ್ಟಳು.

ಎರಡೂ ಮನೆಯವರು ಮದುವೆಗೆ ಒಪ್ಪಿದ ಮರುವಾರ, ಅದೇ ಪಟ್ಟಿ ಕಟ್ಟಿಕೊಂಡಿದ್ದ ಮುದ್ದೇಬಿಹಾಳದ ನಾಜಿಮಾ ಕೇಂದ್ರದಲ್ಲಿ ಸಿಕ್ಕಳು. "ಅನೀಲ ಸರ್ ಮಾತು ಒಂದ ಭಾಳ ಸ್ಪಷ್ಟ ನೋಡ್ರಿ," ಎಂದು ನಕ್ಕಳು. "ಮನ್ಯಾಗ ನಮ್ಮ ಮಂದಿ ಮಾತು ಏನೂ ತಿಳಿಯೂದಿಲ್ಲ."

ವಿದ್ಯಾವತಿ ತನ್ನ ಮಣಿಕಟ್ಟಿನ ಪಟ್ಟಿಯನ್ನು ನೋಡಿಕೊಂಡಳು. ಒಳಗೆ ಹೋಗಿ ಅನೀಲನನ್ನು ನೇರವಾಗಿ ಕೇಳಿದಳು. ಅವನು ತಲೆ ತಗ್ಗಿಸಿದ. ಯಂತ್ರಕ್ಕೆ ತನ್ನ ದನಿಯೊಂದನ್ನೇ ಕಲಿಸಿದ್ದ, ಪರೀಕ್ಷೆಯನ್ನೂ ಅದೇ ದನಿಯಲ್ಲಿ ಮಾಡಿದ್ದ. ಪ್ರಯೋಗ ಗೆದ್ದಂತೆ ಕಾಣಬೇಕಿತ್ತು.

"ಅವತ್ತ ನಿಡಗುಂದ್ಯಾಗ ನೀ ಕೇಳಿದಾಗ ಹೇಳಬೇಕಂದೆ. ನೀ ಅಷ್ಟು ಖುಷಿಯಿಂದ ನೋಡಾಕತ್ತಿದ್ದಿ, ಬಾಯಿ ಬರಲಿಲ್ಲ."

"ನೀವು ನನಗ ಸುಳ್ಳ ಹೇಳಿದ್ದು ಇರ್ಲಿ. ನಮ್ಮವ್ವನ ದನೀನ ಸರಿಯಿಲ್ಲ ಅಂದ್ರಲ್ಲ."

ಅಲ್ಲಿತನಕ 'ನೀ' ಆಗಿದ್ದವನು ಮತ್ತೆ 'ನೀವು' ಆಗಿದ್ದ. ತನ್ನ ಪಟ್ಟಿಯಿಂದ ಅವನ ದನಿಯನ್ನು ಅಳಿಸಲು ಹೇಳಿದಳು. ನಾಜಿಮಾಳ ಎದುರು ಎಲ್ಲವನ್ನೂ ಒಪ್ಪಿಕೊಳ್ಳಲು ಹೇಳಿದಳು. ಅವನು ಎರಡನ್ನೂ ಮಾಡಿದ. ಪಟ್ಟಿಗೆ ಹೊಸ ದನಿ ಕಲಿಸುವ ಬಗೆಯನ್ನು ಅವಳ ಮೊಬೈಲಿನಲ್ಲಿ ತೋರಿಸಿಕೊಟ್ಟ. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಏನೋ ಅಂದ. ತಿಳಿಯಲಿಲ್ಲ. ಅವಳು ತಿರುಗಿ ಕೇಳಲಿಲ್ಲ.

ಆ ವಾರವಿಡೀ ಅವ್ವನನ್ನು ಮೊಬೈಲಿನ ಮುಂದೆ ಕೂರಿಸಿ ಮಾತಾಡಿಸಿದಳು. ಸಿದ್ದಲಿಂಗವ್ವ ಹೊಲದ ಸುದ್ದಿ, ನೆರೆಯವರ ಸುದ್ದಿ, ತನ್ನ ತವರಿನ ಸುದ್ದಿ ಎಲ್ಲ ಹೇಳಿದಳು.

ಒಂದು ಮುಂಜಾನೆ ವಿದ್ಯಾವತಿ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಾಗ ಮಣಿಕಟ್ಟು ಮೆಲ್ಲಗೆ ಮಿಡಿಯಿತು. ತುಟಿ ನೋಡದೆಯೇ ಅವ್ವನ ಮಾತು ಮೊದಲ ಸಲ ಪೂರ್ತಿ ತಿಳಿಯಿತು:

"ಅನೀಲ ಯಾಕ ಬರವಲ್ಲ ಮಗಳ?"

ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು. ಕೇಳಿಸಲಿಲ್ಲವೆಂದು ತಿಳಿದು ಸಿದ್ದಲಿಂಗವ್ವ ಹತ್ತಿರ ಬಂದು, ಭುಜ ಮುಟ್ಟಿ, ಮತ್ತೆ ಅದನ್ನೇ ಕೇಳಲು ಹೊರಟಳು.

"ಕೇಳಿಸ್ತವ್ವಾ," ಎಂದಳು ವಿದ್ಯಾವತಿ. ಅವ್ವನ ಎದೆಗೆ ಮುಖವಿಟ್ಟು ಬಿಕ್ಕಿದಳು.