ಬದುಕಿರುವವನ ಹೆಸರಿಗೆ ಕಪ್ಪು ಅಂಚು

"ರೀ! ನಾನು ಸತ್ತಿಲ್ಲ ಕಣ್ರೀ!"

ಅಕ್ರಾದ ಆ ಡಿಸೈನ್ ಕಾಲೇಜಿನ ತರಗತಿಗೆ ಎಲಿಕೆಮ್ ಹೀಗೆ ನುಗ್ಗಿದಾಗ ಮಾವೆನಾ ಕುರ್ಚಿಯಿಂದ ಎದ್ದೇಬಿಟ್ಟಳು. ಎದುರು ರಸ್ತೆಯ ಕ್ಷೌರದಂಗಡಿಯವನು! ತರಗತಿಯ ಕಿಟಕಿಯಿಂದ ಕದ್ದು ಕದ್ದು ನೋಡಿ, ಬೋರ್ಡಿನಲ್ಲಿ ಅವನ ಹೆಸರು ಓದಿದ್ದಳೇ ಹೊರತು ಒಂದು ಮಾತೂ ಆಡಿರಲಿಲ್ಲ.

ಅವನ ಕೈಯಲ್ಲಿ ಅವಳು ಕಾಲೇಜಿನ ಗೇಟಿಗೆ ಅಂಟಿಸಿದ್ದ ಪೋಸ್ಟರ್.

"ಕೆಂಪು-ಕಪ್ಪು ಅಂಚು, ನಡುವೆ ದಪ್ಪಕ್ಷರದಲ್ಲಿ ನನ್ನ ಹೆಸರು! ಜನ ಏನಂದ್ಕೋಬೇಕು? ನಮ್ಮ ಸೋದರತ್ತೆ ಕಪ್ಪು ಬಟ್ಟೆ ಉಟ್ಕೊಂಡು ಅಳ್ತಾ ಬಂದ್ರು. ಬಾಗಿಲು ತೆಗೆದವನು ನಾನೇ!"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಗತ್ತಾಗಿ ಕಾಣಲಿ ಅಂತ ಹಾಕಿದ ಬಣ್ಣ ಇಲ್ಲಿ ಸತ್ತವರ ಹೆಸರಲ್ಲಿ ಗೋಡೆಗಂಟಿಸುವ ಪೋಸ್ಟರಿನದು ಅಂತ ಹೊಳೆಯಲೇ ಇಲ್ಲವಲ್ಲ... ಮಾವೆನಾ ನಾಲಿಗೆ ಕಚ್ಚಿಕೊಂಡಳು.

"ಚಿತ್ರ ಇಲ್ಲದೆ, ಬರೀ ಅಕ್ಷರದಲ್ಲೇ ಒಬ್ಬರ ಸ್ವಭಾವ ತೋರಿಸಿ ಅಂದಿದ್ರು ನಮ್ಮ ಮೇಡಂ. ನೀವು ಯಾವಾಗಲೂ ಬಿಗಿಯಾಗಿ... ಗಂಭೀರವಾಗಿ..."

ಅವನ ಸಿಟ್ಟು ಜರ್ರನೆ ಇಳಿಯಿತು. "ನಾನು ನಿಮಗೆ ಹೀಗೆ ಕಾಣ್ತೀನಾ?"

ಪೋಸ್ಟರನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಅಯ್ಯೋ ದೇವರೇ! ಬಾಯಿಬಿಟ್ಟು ಹೇಳಲಾಗದ್ದನ್ನು ಅಕ್ಷರದಲ್ಲಿ ಹೇಳಹೊರಟವಳು ಅವನ ಮನಸ್ಸನ್ನೇ ನೋಯಿಸಿಬಿಟ್ಟಿದ್ದಳು. ಇನ್ನು ಅವನು ಈ ಕಡೆ ತಿರುಗಿಯಾದರೂ ನೋಡ್ತಾನಾ?

ಮರುದಿನ ಧೈರ್ಯ ಮಾಡಿ ರಸ್ತೆ ದಾಟಿ ಅಂಗಡಿಯ ಬಾಗಿಲಲ್ಲಿ ನಿಂತಳು. ಒಳಗೆ ತಲೆ ನಡುಗುವ ಮುದುಕರೊಬ್ಬರಿಗೆ ಎಲಿಕೆಮ್ ಕ್ಷೌರ ಮಾಡುತ್ತಿದ್ದ. ಆ ತಲೆಯನ್ನು ಅದುಮಿ ಹಿಡಿಯಲಿಲ್ಲ. ಅದು ವಾಲಿದತ್ತ ತಾನೂ ವಾಲುತ್ತಾ, "ನಿಧಾನ ತಾತ, ನಮಗೇನು ಅವಸರ" ಎನ್ನುತ್ತಿದ್ದ.

ಮಾವೆನಾಳ ಕಣ್ಣು ತುಂಬಿತು. ದೂರದಿಂದ ನೋಡಿ ಏನು ಮಹಾ ತಿಳ್ಕೊಂಡಿದ್ದೆ ನಾನು! ಸದ್ದಿಲ್ಲದೆ ಹಿಂತಿರುಗಿದಳು.

ವಾರದ ಕೊನೆಗೆ ಹೊಸ ಹಾಳೆ ಹಿಡಿದು ಅಂಗಡಿಯೊಳಗೆ ಅವನೆದುರು ಬಂದಳು. ಬಿಳಿಯ ಮೇಲೆ ನೀಲಿಯಲ್ಲಿ ಅವನ ಹೆಸರಿನ ಅಕ್ಷರಗಳು. ದುಂಡಗೆ, ಮೃದುವಾಗಿ, ಒಂದೊಂದೂ ಪಕ್ಕದ್ದಕ್ಕೆ ಹೆಗಲು ಕೊಟ್ಟಂತೆ ವಾಲಿದ್ದವು.

ಎಲಿಕೆಮ್ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತಾ ಕೊನೆಯದಕ್ಕೆ ಬಂದ.

"ಕೊನೇ ಅಕ್ಷರ ಮಾತ್ರ ಖಾಲಿ ಜಾಗಕ್ಕೆ ವಾಲಿದೆಯಲ್ಲ? ಬಿದ್ದುಹೋಗಲ್ವಾ?"

"ಅಲ್ಲಿ... ನಾನು ನಿಲ್ಲಬಹುದಾ ಅಂತ..." ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ನೀವಂದ್ರೆ ನಂಗಿಷ್ಟ. ಆ ಹಾಳು ಪೋಸ್ಟರಿಗಿಂತ ಮುಂಚಿನಿಂದಲೂ!"

ಮೂಲೆಯಲ್ಲಿ ಕೂತು ಮೀನಿನ ಜೊತೆ ಮೆಕ್ಕೆಜೋಳದ ಹುಳಿಗಡುಬು ಕೆಂಕಿ ತಿನ್ನುತ್ತಿದ್ದ ಸೋದರತ್ತೆ ತಲೆಯೆತ್ತಿದರು. "ಅಬ್ಬಬ್ಬಾ! ಒಗೆದು ಹಾಕಿದ ಕಪ್ಪು ಬಟ್ಟೆ ಇನ್ನೂ ಒಣಗಿಲ್ಲ, ಆಗಲೇ ಮದುವೆಗೆ ಹೊಲಿಸಬೇಕೇನ್ರೋ?"

ಎಲಿಕೆಮ್ ನಕ್ಕ. ಪೆನ್ಸಿಲನ್ನು ಅವಳ ಕೈಗಿಟ್ಟ.

"ಬರಿ ಮಾವೆನಾ, ನಿನ್ನ ಹೆಸರು. ಆ ಖಾಲಿ ಜಾಗದಲ್ಲೇ."

"ನನ್ನ ಹೆಸರು... ನಿಮಗೆ ಹೇಗೆ ಗೊತ್ತು?"

"ಆ ಕಿಟಕಿಯಿಂದ ನೀನೊಬ್ಬಳೇ ನೋಡ್ತಿದ್ದೆ ಅಂದ್ಕೊಂಡ್ಯಾ?"

ಅವಳ ಕೆನ್ನೆ ಬಿಸಿಯಾಯಿತು. "ಯಾವ ಥರ ಅಕ್ಷರದಲ್ಲಿ ಬರೀಲಿ?"

"ಹೇಗಾದರೂ ಬರಿ... ಅಂಚು ಮಾತ್ರ ಹಾಕಬೇಡ ಮಾರಾಯ್ತಿ!"