ಕಿವಿ ನೋಡುವ ಹುಡುಗಿ

ಅವಳು ನನ್ನ ಕಿವಿಯನ್ನೇ ನೋಡುತ್ತಿದ್ದಳು. ಏನೋ ಅಂಟಿಕೊಂಡಿರಬೇಕು ಅಂತ ನಾನು ಎರಡು ಸಲ ಎದ್ದು ಹೋಗಿ ತೊಳೆದುಕೊಂಡು ಬಂದೆ. ಆಮೇಲೂ ನೋಡುತ್ತಿದ್ದಳು.

ಅಕ್ಕನ ಆಟದ ಸಾಮಾನಿನ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ನನ್ನ ಪೇಂಟಿಂಗ್ ಕ್ಲಾಸು; ಅವಳು ಅಲ್ಲಿಗೆ ಹೊಸದಾಗಿ ಸೇರಿದವಳು. ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುವುದನ್ನು ಕಲಿಸುತ್ತೇನೆ. ಸೈನಿಕ ಹೆಬ್ಬೆರಳಿಗಿಂತ ಚಿಕ್ಕವನು, ಅವನ ಮುಖ ಮೆಣಸಿನ ಕಾಳಿನಷ್ಟು. ಅಷ್ಟರಲ್ಲೇ ನಿಜವಾದ ಚರ್ಮ ಕಾಣಬೇಕು.

"ಮೊದಲು ಗಾಢ ಕಂದು," ಅಂತ ತೋರಿಸಿದೆ. "ಆಮೇಲೆ ತಿಳಿ ಬಣ್ಣವನ್ನ ನೀರಲ್ಲಿ ತೆಳ್ಳಗೆ ಮಾಡಿ ಪದರದ ಮೇಲೆ ಪದರ. ಕಣ್ಣಿನ ಕೆಳಗೆ ತುಸು ನೇರಳೆ. ಮೂಗಿನ ತುದಿಗೆ, ಕಿವಿಗೆ ಚೂರು ಕೆಂಪು."

"ಕಿವಿಗೆ ಯಾಕೆ ಮೇಷ್ಟ್ರೇ?" ಅಂದಳು ಅವಳು.

"ಅಲ್ಲಿ ಚರ್ಮ ತೆಳು. ರಕ್ತ ಕಾಣತ್ತೆ."

"ಹೌದು, ಈಗ ಚೆನ್ನಾಗಿ ಕಾಣ್ತಿದೆ."

ಪಕ್ಕದವರು ಕಿಸಕ್ಕನೆ ನಕ್ಕರು. ನನ್ನ ಕೈಯಲ್ಲಿದ್ದ ಸೈನಿಕನಿಗೆ ಮೀಸೆಯ ಜಾಗದಲ್ಲಿ ಕೆಂಪು ಬಿತ್ತು.

"ಕಣ್ಣಲ್ಲೇ ನುಂಗ್ತಾಳಲ್ಲೋ ನಿನ್ನ," ಅಂದಳು ಅಕ್ಕ, ಎಲ್ಲರೂ ಹೋದ ಮೇಲೆ. "ಏನಾದ್ರೂ ಮಾತಾಡು."

"ಸುಮ್ನಿರೇ ನೀನು," ಅಂದೆ. ಆದರೆ ಶುಕ್ರವಾರ ಬಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಬರುತ್ತಾಳೋ ಇಲ್ಲವೋ. ಬಂದರೆ ಏನು ಹೇಳುವುದು. ಕನ್ನಡಿಯ ಮುಂದೆ ಒಂದು ವಾಕ್ಯ ಕಟ್ಟುತ್ತಿದ್ದೆ, ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಮರೆಯುತ್ತಿದ್ದೆ.

ನಾಲ್ಕನೇ ಶನಿವಾರ ಅವಳು ಬ್ರಷ್ ತೊಳೆಯಲು ಎದ್ದಾಗ ಅವಳ ಪುಸ್ತಕ ತೆರೆದೇ ಇತ್ತು. ಪುಟದ ತುಂಬ ನನ್ನ ಕಿವಿ. ಸುತ್ತ ಬಣ್ಣದ ಚುಕ್ಕೆಗಳು. ಮೇಲೆ ಬರೆದಿತ್ತು: 'ಪೇಷಂಟ್, ಎಡಕಿವಿ, ಅಪಘಾತ.'

ವಾಪಸ್ ಬಂದವಳು ಹಾಗೇ ನಿಂತುಬಿಟ್ಟಳು.

"ನಾನು ಆಸ್ಪತ್ರೇಲಿ ಸಿಲಿಕೋನಿನ ಕಿವಿ, ಬೆರಳು ಮಾಡ್ತೀನಿ. ಬಣ್ಣ ಕೂರಿಸೋದು ಕಲಿಯೋಕೇ ಇಲ್ಲಿಗೆ ಬಂದಿದ್ದು. ಕಿವಿ ಕಳ್ಕೊಂಡ ಒಬ್ಬರದು ನಿಮ್ಮದೇ ಬಣ್ಣ. ಕೇಳದೆ ನೋಡಿದೆ. ಬೇಜಾರಾಯ್ತಾ?"

"ಛೆ, ಇಲ್ಲ. ಒಳ್ಳೇ ಕೆಲಸ," ಅಂದೆ. ನಕ್ಕೆ ಕೂಡ.

"ಬರೀ ಕಿವಿಗೋಸ್ಕರನಾ!" ಅಂತ ಆ ರಾತ್ರಿ ವಿಷಯ ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕವಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಆಮೇಲಿನ ವಾರಗಳಲ್ಲಿ ನಾನು ಅವಳಿಂದ ದೂರ, ಮೇಜಿನ ಆ ತುದಿಗೆ ಕೂತೆ. ಆದರೂ ಅವಳು ನೋಡುತ್ತಿದ್ದಳು. ಒಮ್ಮೆ ಕತ್ತು, ಒಮ್ಮೆ ಬ್ರಷ್ ಹಿಡಿದ ಬೆರಳು. ನಾನು ತಲೆ ಎತ್ತಿದರೆ ಅವಳ ರೆಪ್ಪೆ ಕೆಳಗಿಳಿಯುತ್ತಿತ್ತು. ಇದೂ ಕೆಲಸದ ನೋಟವೇ ಇರಬೇಕು, ಆಸೆ ಬೇಡ ಅಂತ ನನಗೆ ನಾನೇ ಬೈದುಕೊಂಡೆ.

ಕೊನೆಯ ಕ್ಲಾಸ್ ಮುಗಿಯಿತು. ಉಳಿದವರೆಲ್ಲ ಹೋದರು. ಅವಳು ತನ್ನ ಸೈನಿಕನನ್ನು ನನ್ನ ಮುಂದಿಟ್ಟಳು. ಅವನ ಕೆನ್ನೆ ಮುಟ್ಟಿದರೆ ಬೆಚ್ಚಗಿರಬಹುದು ಅನ್ನಿಸುವಷ್ಟು ಚೆನ್ನಾಗಿತ್ತು.

"ಇನ್ನು ನಿಮಗೆ ಕಲಿಸೋಕೆ ಏನೂ ಇಲ್ಲ," ಅಂದೆ. "ಆ ಕಿವಿ ಇನ್ನೂ ಬಾಕಿ ಇದ್ರೆ, ಕ್ಲಾಸಿಲ್ಲದಿದ್ರೂ ಬನ್ನಿ. ನಾನು ಕೂತಿರ್ತೀನಿ."

"ಆ ಕಿವಿ ಪೇಷಂಟಿಗೆ ಕೊಟ್ಟು ಮೂರು ವಾರ ಆಯ್ತು."

"ಮತ್ತೆ ಈ ಮೂರು ವಾರ ನೋಡಿದ್ದು?"

ಅವಳು ಬಣ್ಣ ಕದಡಿದ ನೀರಿನ ಲೋಟವನ್ನೇ ನೋಡುತ್ತಿದ್ದಳು. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು. ಈಗ ಬಾಯಿ ಬಿಡದಿದ್ದರೆ ಇವಳು ಎದ್ದು ಹೋಗುತ್ತಾಳೆ ಅನ್ನಿಸಿತು.

"ಶುಕ್ರವಾರ ರಾತ್ರಿ ನನಗೆ ನಿದ್ದೇನೇ ಬರಲ್ಲ," ಅಂದುಬಿಟ್ಟೆ. "ನೀವು ಬರದೇ ಹೋದ್ರೆ ಅಂತ. ನಿನ್ನೆಯಂತೂ, ಇವತ್ತು ಹೋದ ಮೇಲೆ ನೀವು ಬರೋದೇ ಇಲ್ವಲ್ಲ ಅಂತ. ನೀವಂದ್ರೆ ನನಗೆ ತುಂಬಾ ಇಷ್ಟ."

"ಹಾಗಾದ್ರೆ ಅಷ್ಟು ದೂರ ಹೋಗಿ ಯಾಕೆ ಕೂತ್ರಿ?" ಅವಳು ಈಗ ತಲೆ ಎತ್ತಿದಳು. "ಪುಸ್ತಕ ನೋಡಿ ನಿಮಗೆ ಅಸಹ್ಯ ಆಯ್ತು ಅಂದ್ಕೊಂಡಿದ್ದೆ. ಪ್ರತಿ ವಾರ, ಇವತ್ತು ಹೇಳ್ತೀನಿ ಅಂತಲೇ ಬಂದೆ."

ಮೇಜಿನ ಮೇಲೆ ನನ್ನ ಕೈ ಅವಳ ಕೈಯವರೆಗೆ ಹೋಯಿತು. ಅವಳು ಹಿಡಿದುಕೊಂಡಳು, ಗಟ್ಟಿಯಾಗಿ.

"ಲೋ, ಊಟದ ಹೊತ್ತಾಯ್ತು, ಬಾಗಿಲು ಹಾಕ್ತೀನಿ," ಹೊರಗಿನಿಂದ ಅಕ್ಕನ ದನಿ. "ಬರ್ತೀಯೋ ಇಲ್ವೋ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಕೂಗಿದಳು.

"ಒಂದೈದು ನಿಮಿಷ ಇರಿ ಅಕ್ಕಾ, ನಾವು ಬರ್ತೀವಿ."