ಕೈಗಳ ಮರ

ಬಹಳ ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ನೆನಪಿರದ ಕಾಲದಲ್ಲಿ, ಅಲಗೂರು ಎಂಬ ರಾಜ್ಯವಿತ್ತು. ಅಲ್ಲಿ ನಡೆಯಲು ಕಲಿತ ಮಗು, ಗಂಡಾಗಲಿ ಹೆಣ್ಣಾಗಲಿ, ಆಮೇಲೆ ಕಾದಾಡಲು ಕಲಿಯುತ್ತಿತ್ತು. ಅದಕ್ಕೆಂದೇ ಊರಲ್ಲಿ ಮೂರು ಮನೆಗಳಿದ್ದವು. ಕತ್ತಿಮನೆಯವರು ಅರಸನ ಅಪ್ಪಣೆಯಾದರೆ ಕೊಲ್ಲುತ್ತಿದ್ದರು, ಸಾಕು ಎಂದರೆ ನಿಲ್ಲಿಸುತ್ತಿದ್ದರು. ಕೋಲುಮನೆಯವರು ಕಾಡಿನ ದಾರಿಯಲ್ಲಿ ವ್ಯಾಪಾರಿಗಳನ್ನೂ ತವರಿಗೆ ಹೊರಟ ಬಸುರಿಯರನ್ನೂ ಕಳ್ಳರಿಂದ ಕಾಯ್ದು ದಾಟಿಸುತ್ತಿದ್ದರು. ಗರಡಿಮನೆಯವರು ಯಾರನ್ನೂ ಕೊಲ್ಲುತ್ತಿರಲಿಲ್ಲ, ಯಾರನ್ನೂ ಕಾಯುತ್ತಲೂ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಒಬ್ಬರನ್ನೊಬ್ಬರು ಕೆಡವಿ, ಎಬ್ಬಿಸಿ, ಬೆನ್ನು ತಟ್ಟಿ, ಹಾಲು ಕುಡಿದು ಮನೆಗೆ ಹೋಗುತ್ತಿದ್ದರು.

ಈ ಮೂರು ಮನೆಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಕತ್ತಿಮನೆಯವರಿಗೆ ಕುಸ್ತಿ ಎಂದರೆ ಮಕ್ಕಳ ಮಣ್ಣಾಟ. ಗರಡಿಯವರಿಗೆ ಕತ್ತಿ ಎಂದರೆ ತೋಳಲ್ಲಿ ಬಲವಿಲ್ಲದವರ ಊರುಗೋಲು. ಕೋಲುಮನೆಯವರನ್ನಂತೂ ಇಬ್ಬರೂ ಸೇರಿ ದನ ಕಾಯುವವರು ಎಂದು ನಗುತ್ತಿದ್ದರು. ಒಂದು ಮನೆಯ ಗುಟ್ಟು ಇನ್ನೊಂದು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರಲ್ಲ, ಇಲ್ಲಿ ಮೂವರ ಜಗಳವಾದ್ದರಿಂದ ನಾಲ್ಕನೆಯವನು ಬಂದ.

ಅವನು ಕರಿಬೆಟ್ಟದ ಮಾಂತ್ರಿಕ. ಅವನಿಗೊಂದು ಹೆಸರಿದ್ದಿರಬೇಕು, ಆದರೆ ಊರವರು ಕೈಗಳ್ಳ ಎಂದೇ ಕರೆದರು. ಅಮಾವಾಸ್ಯೆಯ ದಿನ, ನಡು ಮಧ್ಯಾಹ್ನ, ನೆರಳು ಕಾಲಡಿಗೆ ಸರಿಯುವ ಹೊತ್ತಿಗೆ ಅವನು ಕಂಬಳಿ ಹೊದ್ದು ಕೋಟೆ ಬಾಗಿಲಿಗೆ ಬರುತ್ತಿದ್ದ. ಯಾರದಾದರೂ ಒಂದು ಹೆಸರು ಕೂಗಿ ಹೋಗಿಬಿಡುತ್ತಿದ್ದ. ಹೆಸರು ಕೂಗಿಸಿಕೊಂಡವರು ಮಾರನೆಯ ದಿನ ಬೆಟ್ಟಕ್ಕೆ ಹೋಗಿ ಅವನೊಡನೆ ಕಾದಾಡಬೇಕು. ಸೋತರೆ ಎರಡೂ ಕೈ ಮುಂದೆ ಚಾಚಬೇಕು. ಅವನು ಹಿಡಿದು ಎಳೆದರೆ, ಹಣ್ಣು ತೊಟ್ಟು ಕಳಚಿದ ಹಾಗೆ ಕೈಗಳು ಮಣಿಕಟ್ಟಿನಿಂದ ಕಳಚಿ ಬರುತ್ತಿದ್ದವು. ನೆತ್ತರಿಲ್ಲ, ನೋವಿಲ್ಲ. ಅಲ್ಲಿ ಎಂದೂ ಕೈಯೇ ಇರಲಿಲ್ಲವೇನೋ ಎನ್ನುವಂತೆ ಚರ್ಮ ಮುಚ್ಚಿಕೊಳ್ಳುತ್ತಿತ್ತು. ನೆತ್ತರು ಬಂದಿದ್ದರೆ ಜನ ಅಷ್ಟು ಹೆದರುತ್ತಿರಲಿಲ್ಲ.

ಮೊದಲನೆಯ ಜೊತೆ ಅವನಿಗೆ ಸಿಕ್ಕಿದ್ದು ಹೀಗೆ. ಕತ್ತಿಮನೆಯ ಒಬ್ಬ ಬಡಾಯಿಗಾರ, "ಏನ್ ಕಿತ್ಕೋತಿ, ತಗೋ" ಎಂದು ನಗುತ್ತ ತಾನಾಗಿಯೇ ಕೈ ಚಾಚಿದ್ದನಂತೆ. ಆಮೇಲೆ ಮಾಂತ್ರಿಕ ಕದ್ದ ಕೈಗಳಿಂದಲೇ ಕೈ ಕದಿಯತೊಡಗಿದ, ಅವನ ಸ್ವಂತ ಕೈಗಳು ಕಂಬಳಿಯೊಳಗೇ ಉಳಿದು ಹಿಡಿಯುವುದನ್ನೇ ಮರೆತವು.

ಬೆಟ್ಟಕ್ಕೆ ಹೋಗದಿದ್ದರೆ ಏನಾಗುತ್ತಿತ್ತು? ಆ ಕೇರಿಯ ತೊಟ್ಟಿಲುಗಳಲ್ಲಿ ಮಲಗಿದ ಕೂಸುಗಳ ಕೈ ಹೋಗುತ್ತಿದ್ದವು. ಒಮ್ಮೆ ಒಬ್ಬ ಹೋಗಲಿಲ್ಲ. ಆ ಕೇರಿಯ ಸುದ್ದಿಯನ್ನು ನಾನು ಹೇಳಲಾರೆ.

ಗರಡಿಮನೆಯಲ್ಲಿ ಅಣ್ಣ ತಂಗಿ ಇದ್ದರು. ಅಣ್ಣ ಬರಮಣ್ಣ, ಗರಡಿಗೆಲ್ಲ ಅವನೇ ದೊಡ್ಡ ಪೈಲ್ವಾನ. ತಂಗಿ ಹುಲಿಗೆವ್ವ. ಬರಮಣ್ಣನ ಹೆಸರು ಬಂತು, ಅವನು ತೊಡೆ ತಟ್ಟಿ ಹೋದ, ಎರಡು ಮೊಂಡು ತೋಳು ಹೊತ್ತು ಬಂದ. ಹುಲಿಗೆವ್ವ ಅವನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಅಷ್ಟು ದೊಡ್ಡ ಆಳು, ಉಣ್ಣುವಾಗ ಗೋಡೆಯ ಕಡೆ ಮುಖ ಮಾಡುತ್ತಿದ್ದ.

ಮುಂದಿನ ಅಮಾವಾಸ್ಯೆಗೆ ಕೈಗಳ್ಳ ಬಂದು ಕೂಗಿದ. "ಹುಲಿಗೆವ್ವಾ!"

ಅವಳು ನೀರು ತರುತ್ತಿದ್ದಳು. ಕೊಡ ಸೊಂಟದಿಂದ ಜಾರಿ ಒಡೆಯಿತು. ಅವಳಿಗೆ ಹೆದರಿಕೆಯಾಯಿತು. ಕತೆಯ ನಾಯಕಿ ಹೆದರಬಾರದೆಂದು ಯಾರು ಹೇಳಿದ್ದಾರೆ? ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತು, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಅತ್ತಳು.

"ಹೋಗಬ್ಯಾಡ ತಂಗಿ," ಎಂದ ಬರಮಣ್ಣ. "ನನ್ನಂಥಾವನಽ ತಡೀಲಿಲ್ಲ."

"ಹೋಗದಿದ್ರ ಕೇರಿ ಕೂಸುಗಳ ಗತಿ ಏನಣ್ಣ? ನಿನ್ನ ಹ್ಯಾಂಗ ಸೋಲಿಸಿದಾ, ಅದನ್ನರ ಹೇಳು."

"ಅಂವ ಸೋಲಿಸಿದ್ರ ಹೊಟ್ಟಿಗೆ ಇಷ್ಟು ಸಂಕಟ ಆಗ್ತಿರಲಿಲ್ಲ. ತಾ ಕದ್ದ ಕತ್ತಿಮನಿ ದಳವಾಯಿ ಕೆಂಗಣ್ಣನ ಕೈಲೆ ಕತ್ತಿ ಬೀಸಿದ, ಕೋಲುಮನಿ ಬಾಳವ್ವನ ಕೈಲೆ ಕೋಲು ತಿರುವಿದ. ಆ ಮನಿಗಳ ಪಟ್ಟು ನನಗೇನ ಗೊತ್ತು?"

ಹುಲಿಗೆವ್ವ ಕಣ್ಣೊರೆಸಿಕೊಂಡು ಎದ್ದಳು. ಗರಡಿಯವರು ಯಾರೂ ತುಳಿಯದ ಕತ್ತಿಮನೆಯ ಹೊಸ್ತಿಲನ್ನು ತುಳಿದಳು.

ಕೈಯಿಲ್ಲದ ದಳವಾಯಿ ಕೆಂಗಣ್ಣ ಜಗಲಿಯ ಮೇಲೆ ಕೂತಿದ್ದ. ಅವಳ ಮಾತು ಕೇಳಿ ಅವನ ಮೀಸೆ ಕುಣಿಯಿತು. "ಗರಡಿ ಹುಡುಗಿಗೆ ಕತ್ತಿಮನಿ ಗುಟ್ಟು ಬೇಕಾಯ್ತೇನು? ಸೂರ್ಯ ಪಡುವಣಕ್ಕ ಹುಟ್ಟಿದ ದಿನ ಬಾ, ಹೇಳ್ತೀನಿ."

ಅಷ್ಟರಲ್ಲಿ ಒಂದು ನೊಣ ಬಂದು ಅವನ ಮೂಗಿನ ಮೇಲೆ ಕೂತಿತು. ಅವನು ತಲೆ ಕೊಡವಿದ, ಅದು ಹೋಗಲಿಲ್ಲ. ಊದಿದ, ಹೋಗಲಿಲ್ಲ. ಸಾವಿರ ಆಳುಗಳ ದಳವಾಯಿ ಒಂದು ನೊಣದ ಮುಂದೆ ಸೋತು ಕೂತ. ಹುಲಿಗೆವ್ವ ಸೆರಗಿನಿಂದ ಅದನ್ನು ಓಡಿಸಿದಳು. ನಗಲಿಲ್ಲ. ಕೆಂಗಣ್ಣನ ಕಣ್ಣಿಂದ ನೀರಿಳಿಯಿತು.

"ಗ್ವಾಡಿ ಮ್ಯಾಲ ನನ್ನ ಕತ್ತಿಯ ಖಾಲಿ ಒರಿ ಅದ, ತಗೋ ಮಗಳಽ," ಎಂದ. "ಅಪ್ಪಣೆ ಇಲ್ಲದ ಕೊಲ್ಲೂದು ಕೊಲಿ, ಯುದ್ಧ ಅಲ್ಲ. ಆ ಒರಿ ಮುಂದ ಹಿಡದ್ರ 'ಸಾಕು' ಅಂತ ಅಪ್ಪಣೆ ಆದಂಗ. ನನ್ನ ಕೈ ಕತ್ತಿ ಇಳಸ್ತದ. ಆದರ ಕತ್ತಿ ಬರೂಮುಂದ ಹಿಂದ ಸರದೀ ಅಂದ್ರ ಮುಗೀತು."

ಅಲ್ಲಿಂದ ಹುಲಿಗೆವ್ವ ಕೋಲುಮನೆಗೆ ಹೋದಳು, ಕೈಯಿಲ್ಲದ ಮುದುಕಿ ಬಾಳವ್ವನ ಬಳಿಗೆ. ಬಾಳವ್ವ ಬಾಗಿಲಲ್ಲೇ ನಿಂತು ಅವಳ ಮಾತು ಕೇಳಿದಳು, ಬೈಯಲಿಲ್ಲ, ಹೊಗಳಲೂ ಇಲ್ಲ. "ನಮ್ಮ ಕೈಗೆ ಎದುರು ನಿಂತಾವ ಕಳ್ಳ. ಬೆನ್ನು ಮಾಡಿ ಕುಂತಾವ ನಮ್ಮ ಆಸರಿಗೆ ಬಂದಾವ. ಇಷ್ಟಽ ನೋಡವ್ವ ನಮ್ಮ ಗುಟ್ಟು."

"ಬೆನ್ನು ಮಾಡಿದಾಗ ಹೊಡದ್ರ, ಅಜ್ಜಿ?"

"ಹೊಡದ್ರ ಅದು ನನ್ನ ಕೈ ಅಲ್ಲ," ಎಂದಳು ಬಾಳವ್ವ. ಇದರಿಂದ ಹುಲಿಗೆವ್ವಳಿಗೆ ಏನೂ ಧೈರ್ಯ ಬರಲಿಲ್ಲ.

ಮಾರನೆಯ ದಿನ ಅವಳು ಬೆಟ್ಟ ಹತ್ತಿದಳು. ಬಿಸಿಲು ಸುಡುತ್ತಿತ್ತು, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ದಾರಿಯಲ್ಲಿ ಒಂದು ನಾಯಿ ಎದುರಾಯಿತು. ಅದಕ್ಕೆ ಪಾದಗಳಿರಲಿಲ್ಲ, ಮನುಷ್ಯರ ನಾಲ್ಕು ಕೈಗಳ ಮೇಲೆ ನಡೆಯುತ್ತಿತ್ತು. ಅದು ಬೊಗಳಲಿಲ್ಲ. ಅವಳ ಪಕ್ಕದಲ್ಲೇ ತಪ್ ತಪ್ ಎಂದು ಅಂಗೈ ಬಡಿಯುತ್ತ ಮೇಲಿನವರೆಗೂ ಬಂತು. ಹುಲಿಗೆವ್ವ ಅದರ ಕಡೆ ತಿರುಗಿ ನೋಡಲಿಲ್ಲ, ನೋಡಿದ್ದರೆ ಅವಳ ಕಾಲು ಮುಂದೆ ಹೋಗುತ್ತಿರಲಿಲ್ಲ.

ಬೆಟ್ಟದ ತುದಿಯಲ್ಲಿ ಒಂದು ಎಲೆಯಿಲ್ಲದ ಮರ. ಅದರ ಕೊಂಬೆ ಕೊಂಬೆಗೂ ಬಾವಲಿಗಳಂತೆ ಕೈಗಳು ಜೋತು ಬಿದ್ದಿದ್ದವು. ಒಮ್ಮೆ ತೆರೆಯುತ್ತಿದ್ದವು, ಒಮ್ಮೆ ಮುಚ್ಚುತ್ತಿದ್ದವು. ತೀರ ಕೆಳಗಿನ ಕೊಂಬೆಯಲ್ಲಿ ಪುಟ್ಟ ಪುಟ್ಟ ಕೈಗಳಿದ್ದವು. ಅವು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ತಾಯಿಯ ಸೆರಗನ್ನೇ ಇರಬೇಕು.

"ಬಂದ್ಯಾ?" ಎಂದ ಕೈಗಳ್ಳ, ಮರದ ಬುಡದಿಂದ. "ಸೋತೆ ಅಂದ್ರ ಸೋತಂಗ, ನೆಲ ತಟ್ಟಿದ್ರೂ ಸೋತಂಗ. ಆಮ್ಯಾಲ ಕೈ ಚಾಚಬೇಕು. ಒಪ್ಪಿಗೇನು?"

"ಒಪ್ಪಿಗಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅವನು ಕಂಬಳಿ ಕೊಡವಿದ. ಒಳಗಿಂದ ದಳವಾಯಿ ಕೆಂಗಣ್ಣನ ಕೈಗಳು ಕತ್ತಿ ಹಿಡಿದು ಬಂದವು. ಕತ್ತಿ ಸುಯ್ ಎಂದು ಅವಳ ಜಡೆಯ ತುದಿಯನ್ನು ಹಾರಿಸಿತು. ಇನ್ನೊಂದು ಸಲ ಬೀಸಿತು, ತೋಳಿನ ಮೇಲೆ ಗೀರು ಬಿತ್ತು. ಅವಳು ಖಾಲಿ ಒರೆಯನ್ನು ಎದೆಯ ಮುಂದೆ ಹಿಡಿದು ನಿಂತಳು. ಕಣ್ಣು ಮುಚ್ಚಿಕೊಂಡಳು, ಆದರೆ ಕಾಲು ಸರಿಸಲಿಲ್ಲ. ಕತ್ತಿ ನೇರವಾಗಿ ಬಂತು, ನಿಂತಿತು, ಸರ್ರನೆ ಒರೆಯೊಳಗೆ ಇಳಿಯಿತು. ಕೆಂಗಣ್ಣನ ಕೈಗಳು ನೆಲದ ಮೇಲೆ ಸುಮ್ಮನೆ ಮಲಗಿದವು. ಕೈಗೆ ಕಣ್ಣೆಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಮಾಡಿ ಮಾಡಿ ಪಳಗಿದ ಕೈಗೆ ಎಲ್ಲವೂ ಕಾಣುತ್ತದೆ.

ಕೈಗಳ್ಳ ಹಲ್ಲು ಕಡಿದು ಮತ್ತೆ ಕಂಬಳಿ ಕೊಡವಿದ. ಬಾಳವ್ವನ ಕೈಗಳು ಬಂದವು, ಕೋಲು ಭರ್ರೆಂದು ತಿರುಗತೊಡಗಿತು. ದಾರಿಯಲ್ಲಿದ್ದ ಬಂಡೆಗೆ ತಾಗಿ ಬಂಡೆ ಹೋಳಾಯಿತು. ಹುಲಿಗೆವ್ವಳ ಮೈಯೆಲ್ಲ ಓಡು ಓಡು ಎನ್ನುತ್ತಿತ್ತು. ಅವಳು ಓಡಲಿಲ್ಲ. ಕೋಲಿಗೆ ಬೆನ್ನು ಮಾಡಿ, ದಾರಿ ನಡೆದು ದಣಿದವಳಂತೆ ನೆಲದ ಮೇಲೆ ಕೂತಳು. ಭರ್ರೆನ್ನುವ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಕುತ್ತಿಗೆಯ ಕೂದಲು ಗಾಳಿಗೆ ಎದ್ದು ನಿಂತವು. ಇಷ್ಟು ಹೆದರಿಕೆ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಆಮೇಲೆ ಸದ್ದು ಅವಳ ಬೆನ್ನ ಹಿಂದೆಯೇ ನಿಂತಿತು. ತಿರುಗಿ ನೋಡಿದರೆ, ಬಾಳವ್ವನ ಕೈಗಳು ಅವಳ ಮುಂದೆ ಕೋಲು ಅಡ್ಡ ಹಿಡಿದು, ಕೈಗಳ್ಳನಿಗೆ ಎದುರಾಗಿ ನಿಂತಿದ್ದವು.

ಕೈಗಳ್ಳ ಈಗ ನಕ್ಕ. ಕಂಬಳಿಯನ್ನು ಹಿಂದಿನಿಂದ ಕೊಡವಿದ. ಬೆನ್ನ ಹಿಂದೆ ಸುತ್ತಿ ಬಂದ ಎರಡು ಕೈಗಳು ಹುಲಿಗೆವ್ವಳ ಕುತ್ತಿಗೆಗೆ ಪಟ್ಟು ಹಾಕಿ ಅವಳನ್ನು ನೆಲಕ್ಕೆ ಕೆಡವಿದವು. ಆ ಹಿಡಿತವನ್ನು ಅವಳು ಬಲ್ಲಳು. ಸೊಟ್ಟ ಕಿರುಬೆರಳು ಗದ್ದಕ್ಕೆ ಒತ್ತುತ್ತಿತ್ತು. ಅದು ಅವಳ ಅಣ್ಣನ ಕೈ.

ಅವಳು ಮಗ್ಗುಲಾದಳು, ಹಿಡಿತ ಸಡಿಲಲಿಲ್ಲ. ಮೊಣಕೈ ಕೊಟ್ಟಳು, ಬಿಡಿಸಲಾಗಲಿಲ್ಲ. ಬರಮಣ್ಣನ ಪಟ್ಟಿನಿಂದ ಯಾರೂ ಬಿಡಿಸಿಕೊಂಡಿರಲಿಲ್ಲ. ಕಣ್ಣು ಕತ್ತಲಿಟ್ಟಿತು. ನೆಲ ತಟ್ಟಿದರೆ ಹಿಡಿತ ಬಿಡಬೇಕು, ಅದು ಗರಡಿಯ ನೇಮ. ತಟ್ಟಿದ ಮೇಲೂ ಹಿಡಿದವನನ್ನು ಗರಡಿಗೆ ಮತ್ತೆ ಸೇರಿಸುತ್ತಿರಲಿಲ್ಲ. ಆದರೆ ತಟ್ಟಿದರೆ ಅವಳು ಸೋತಂತೆ, ಕೈ ಹೋದಂತೆ. ಆಗ ಅವಳಿಗೊಂದು ಉಪಾಯ ಹೊಳೆಯಿತು ಎಂದರೆ ಸುಳ್ಳಾದೀತು. ಅವಳಿಗೆ ಸಾಯಲು ಮನಸ್ಸಿರಲಿಲ್ಲ, ಅಷ್ಟೆ. ಅವಳು ನೆಲ ತಟ್ಟಿದಳು.

ಅಣ್ಣನ ಕೈಗಳು ತಟ್ಟನೆ ಬಿಟ್ಟವು. ಬಿಟ್ಟು, ಗರಡಿಯಲ್ಲಿ ಮಾಡುವ ಹಾಗೆ, ಅವಳ ಬೆನ್ನು ತಟ್ಟಿದವು.

"ಸೋತಿ!" ಎಂದು ಕೈಗಳ್ಳ ಕುಣಿದ. "ಚಾಚು ಕೈ!"

ಹುಲಿಗೆವ್ವ ಎದ್ದು ನಿಂತಳು. ಬಾಳವ್ವನ ಕೈಗಳು ಇನ್ನೂ ಕೋಲು ಅಡ್ಡ ಹಿಡಿದಿದ್ದವು. "ಬಿಡವ್ವ, ಮಾತು ಕೊಟ್ಟೀನಿ," ಎಂದು ಅವನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಚಾಚಿದಳು.

ಕೈಗಳ್ಳ ಕೆಂಗಣ್ಣನ ಕೈಗಳನ್ನು ಕರೆದ, ಅವು ಏಳಲಿಲ್ಲ. ಬರಮಣ್ಣನ ಕೈಗಳನ್ನು ಕರೆದ, ಅವು ತಂಗಿಯ ಹೆಗಲು ಬಿಡಲಿಲ್ಲ. ಮರದ ಕಡೆ ತಿರುಗಿ ಅರಚಿದ. ಮರದ ತುಂಬ ಇದ್ದ ಕೈಗಳೆಲ್ಲ ಮುಷ್ಟಿ ಬಿಗಿದುಕೊಂಡವು. ಕದ್ದ ಕೈ ಅವನಿಗೆ ಬೇಕಾದ ಏಟು ಹೊಡೆದುಕೊಟ್ಟಿತ್ತು. ಏತಕ್ಕೆ ಹೊಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಮಾತ್ರ ಅದರದೇ ಆಗಿ ಉಳಿದಿತ್ತು.

ಕೊನೆಗೆ ಅವನು ಕಂಬಳಿಯ ತೀರ ಒಳಗಿಂದ ತನ್ನ ಸ್ವಂತ ಕೈಗಳನ್ನು ಹೊರಗೆ ತೆಗೆದ. ಬಿಳಿಚಿದ, ಮೆತ್ತಗಿನ, ಕೂಸಿನ ಅಂಗಾಲಿನಂಥ ಕೈಗಳು. ಅವುಗಳಿಂದ ಹುಲಿಗೆವ್ವಳ ಕೈ ಹಿಡಿದು ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ.

"ಕೊಟ್ಟೀನಲ್ಲ, ತಗೋ," ಎಂದಳು ಹುಲಿಗೆವ್ವ. "ಹಿಡೀಲಿಕ್ಕಽ ಬರದಾವಗ ಇನ್ನ ಹ್ಯಾಂಗ ಕೊಡ್ಲಿ?"

ಹಾಗೆನ್ನುವಷ್ಟರಲ್ಲಿ ಅವಳ ಬೆರಳುಗಳು ಅವನ ಮಣಿಕಟ್ಟನ್ನು ಹಿಡಿದಿದ್ದವು. ನಡು ಬಗ್ಗಿಸಿದಳು, ಸೊಂಟದ ಮೇಲಿಂದ ಎತ್ತಿ ಒಗೆದಳು. ಕೈಗಳ್ಳ ಅಂಗಾತ ಬಿದ್ದ. ಕೈಯೂರಿ ಏಳಲು ನೋಡಿದ, ಆ ಕೈಗಳಿಗೆ ಅದೂ ಬರಲಿಲ್ಲ.

ಆಗ ಮರದಿಂದ ಕೈಗಳು ತಟತಟ ಉದುರಿದವು. ನಾಯಿಯ ಕಾಲಡಿಯ ಕೈಗಳೂ ಕಳಚಿಕೊಂಡವು. ಊರ ಕಡೆ ಹಾರುವ ಮೊದಲು ಒಂದೊಂದು ಜೊತೆಯೂ ಅವನಿಗೆ ಒಂದೊಂದು ಏಟು ಹಾಕಿತು. ಕೂಸುಗಳ ಕೈಗಳು ಮಾತ್ರ ಹೊಡೆಯಲಿಲ್ಲ, ಮನೆಗೆ ಹೋಗುವ ಅವಸರ ಅವಕ್ಕೆ. ಕೊನೆಯ ಏಟು ಬೀಳುವ ಹೊತ್ತಿಗೆ ಅಲ್ಲಿ ಕೈಗಳ್ಳ ಇರಲಿಲ್ಲ, ಬರಿಯ ಕಂಬಳಿ ಬಿದ್ದಿತ್ತು.

ಆ ಸಂಜೆ ಅಲಗೂರಿನಲ್ಲಿ ನಗು ಯಾವುದು ಅಳು ಯಾವುದು ಎಂದು ತಿಳಿಯುತ್ತಿರಲಿಲ್ಲ. ತಾಯಂದಿರು ತೊಟ್ಟಿಲ ಬಳಿ ಕೂತು ಪುಟ್ಟ ಬೆರಳುಗಳನ್ನು ಎಣಿಸಿದರು, ಮತ್ತೆ ಎಣಿಸಿದರು. ಬರಮಣ್ಣ ತಂಗಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುಂಬ ತಿರುಗಿದ. ದಳವಾಯಿ ಕೆಂಗಣ್ಣ ಬಾಳವ್ವನ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದ. ಅಂದಿನಿಂದ ಮೂರು ಮನೆಯವರೂ ಒಬ್ಬರ ಮಕ್ಕಳನ್ನು ಒಬ್ಬರ ಮನೆಗೆ ಕಲಿಯಲು ಕಳಿಸಿದರು. ಜಗಳ ಪೂರಾ ನಿಂತಿತೆಂದು ನಾನು ಹೇಳುವುದಿಲ್ಲ.

ಮರುದಿನ ಬೆಳಗ್ಗೆ ಗರಡಿಯ ಬಾಗಿಲು ತೆರೆದವರು ಚೀರಿ ಹಿಂದೆ ಸರಿದರು. ಹೊಸ್ತಿಲ ಹೊರಗೆ ಬಿಳಿಚಿದ, ಮೆತ್ತಗಿನ ಎರಡು ಕೈಗಳು ಕೂತಿದ್ದವು. ಹಿಂದೆ ತೋಳಿಲ್ಲ, ಮೈಯಿಲ್ಲ.

"ಸುಟ್ಟುಬಿಡ್ರಿ," ಎಂದ, ಚೀರಾಟ ಕೇಳಿ ಓಡಿ ಬಂದ ಕೆಂಗಣ್ಣ. ಬರಮಣ್ಣ ತನ್ನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಹುಲಿಗೆವ್ವಳಿಗೂ ಬೆನ್ನಲ್ಲಿ ಚಳಿ ಹೊಕ್ಕಿತು. ಕೈಗಳು ಮೆಲ್ಲಗೆ ಮುಂದೆ ಬಂದು ಹೊಸ್ತಿಲು ಮುಟ್ಟಿದವು, ಕಲಿಯಲು ಬಂದ ಮಕ್ಕಳು ಮುಟ್ಟುವ ಹಾಗೆ. ಮುಟ್ಟಿ, ಒಳಗೆ ಬರದೆ ಕಾದವು.

ಹುಲಿಗೆವ್ವ ಗರಡಿಯ ಒಳಗೆ ಹೋದಳು. ಆಮೇಲೆ ಒಂದು ಗುದ್ದಲಿ ತಂದು ದೂರದಿಂದಲೇ ಅವುಗಳ ಮುಂದೆ ಹಾಕಿದಳು. "ಮೊದಲ ಮಣ್ಣು ಅಗೀಬೇಕು," ಎಂದಳು. "ಇಲ್ಲಿ ಎಲ್ಲಾರೂ ಅಲ್ಲಿಂದಽ ಶುರು ಮಾಡೂದು."

ಕೈಗಳು ದಿನವಿಡೀ ಅಗೆದವು. ಸಂಜೆಗೆ ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಹುಲಿಗೆವ್ವ ಅರಿಸಿನ ಎಣ್ಣೆ ಕಲಸಿಕೊಂಡು ಬಂದು ಅವುಗಳ ಪಕ್ಕದಲ್ಲಿ ಕೂತಳು. ಹೆದರಿಕೆ ಇನ್ನೂ ಹೋಗಿರಲಿಲ್ಲ. ಹಾಗೆಯೇ ಒಂದು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ಹಚ್ಚತೊಡಗಿದಳು.